ನೀಲಾ ಬಿಚ್ಚಿದ ಗಾಡಿ, ನಾನು ಪಡೆದ ಹೆಸರು

ನಮ್ಮ ಮನೆಯ ಮುಂದೆ ಹಾಯುವ ಯಾವ ಗಾಡಿಯೂ ನನ್ನ ಹೆಂಡತಿಯ ತಪಾಸಣೆ ತಪ್ಪಿಸಿಕೊಂಡು ಹೋಗುವುದಿಲ್ಲ. ಸವದತ್ತಿಯ ನಮ್ಮ ಓಣಿಯಲ್ಲಿ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವಾಗ ನಾನು ಪೇಪರು ಓದುತ್ತೇನೆ, ನೀಲಾ ಗಾಡಿಗಳನ್ನು ಕೇಳುತ್ತಾಳೆ. ತಲೆ ಎತ್ತಿ ನೋಡುವ ಪೈಕಿಯಲ್ಲ. ಹಾಲಿನವನ ಬೈಕು ಹೋದರೆ "ಚೈನ್ ಸಡ್ಲಾಗೇತಿ" ಅನ್ನುತ್ತಾಳೆ. ಎದುರುಮನೆಯ ಹೊಸ ಅಳಿಯ ಬುರ್ರನೆ ಹೋದರೆ "ಹೊಸಾದಂತ ಹಾರಸಾಕತ್ತಾನ, ಆಯಿಲ್ ನೋಡಿಲ್ಲ" ಅನ್ನುತ್ತಾಳೆ. ಅಷ್ಟರಲ್ಲಿ ಆ ಗಾಡಿ ಬಸ್‌ಸ್ಟ್ಯಾಂಡು ಮುಟ್ಟಿರುತ್ತದೆ. ಕೇಳಿಸಿಕೊಂಡವನು ನಾನೊಬ್ಬನೇ. ನಾನು "ಹೂಂ" ಅನ್ನುತ್ತೇನೆ.

ಹೂಂ ಅನ್ನುವುದರಲ್ಲಿ ನನ್ನದು ಬಹಳ ವರ್ಷದ ಸರ್ವಿಸು. ಒಮ್ಮೆ ಅನ್ನಬಾರದ ಕಡೆ ಹೂಂ ಅಂದು ಎರಡು ವರ್ಷ ಅದನ್ನು ಹೊತ್ತುಕೊಂಡು ತಿರುಗಿದ್ದೇನೆ. ಆ ಕತೆ ನಿಮಗೆ ಹೇಳಬೇಕೆಂದರೆ ಮೊದಲು ನಮ್ಮ ಗಾಡಿಯ ಕತೆ ಹೇಳಬೇಕು.

ತೊಂಬತ್ತರ ದಶಕದ ನಡುವಿನ ಮಾತು. ನನಗೆ ಸವದತ್ತಿಯಿಂದ ಒಂಬತ್ತು ಮೈಲು ದೂರದ, ನವಿಲುತೀರ್ಥದ ಕಾಲುವೆಯ ದಂಡೆಗಿದ್ದ ಹಳ್ಳಿಯ ಸಾಲೆಯಲ್ಲಿ ಮಾಸ್ತರಿಕೆ. ಬೆಳಗಿನ ಬಸ್ಸು ಸಾಲೆಯ ಗಂಟೆಗಿಂತ ಒಂದು ತಾಸು ಮೊದಲು ಬಿಡುತ್ತಿತ್ತು, ಇಲ್ಲವೇ ಒಂದು ತಾಸು ಆಮೇಲೆ. ಮದುವೆಯಾಗಿ ವರ್ಷ ಕಳೆದಿತ್ತು. ಗಾಡಿ ಕೊಳ್ಳಬೇಕೆಂದು ನಿಶ್ಚಯಿಸಿದೆ. ಕಿತ್ತೂರಿನ ನಮ್ಮಪ್ಪನ ಮನೆಯ ನೆರೆಯಲ್ಲಿ ನಿವೃತ್ತರಾದ ಗುಮಾಸ್ತರೊಬ್ಬರಿದ್ದರು. ಅವರ ಬಳಿ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಹಾಕಬೇಕಾದಂಥ, ಆ ಕಾಲದ ಸಣ್ಣ ಬೈಕು ಇತ್ತು. ಬಣ್ಣ ಒಂದು ಕಾಲಕ್ಕೆ ಕೆಂಪು.

"ಭಾಳ ಓಡ್ಸಿಲ್ಲಪಾ. ಅಮಾಸಿಗೊಮ್ಮೆ ದೇಗಾಂವದ ಗುಡಿತನಾ ಹೋಗಿ ಬರಾಕ ಅಷ್ಟ" ಎಂದರು ಅವರು.

ನಾನು ಸೀಟು ಒತ್ತಿ ನೋಡಿದೆ, ಹಾರ್ನು ಹೊಡೆದು ನೋಡಿದೆ. ಗಾಡಿಯ ಬಗ್ಗೆ ನನಗಿದ್ದ ಪರೀಕ್ಷೆಗಳು ಅಲ್ಲಿಗೆ ಮುಗಿದವು. ತಪ್ಪು ನನ್ನದಲ್ಲ, ಮನೆತನದ್ದು. ನಮ್ಮ ಮನೆಯಲ್ಲಿ ರೇಡಿಯೋ ನಿಂತರೆ ಅಪ್ಪ ಅದರ ಎಡಗೆನ್ನೆಗೆ ಒಂದು ಕೊಡುತ್ತಿದ್ದರು, ಅದೂ ಆಗದಿದ್ದರೆ ಬಲಗೆನ್ನೆಗೆ. ಕೊಡೆಯ ಕಡ್ಡಿ ಮುರಿದರೆ ಆ ಮಳೆಗಾಲ ತೊಯ್ಸಿಕೊಂಡೇ ಕಳೆಯುತ್ತಿದ್ದರು. ನಮ್ಮ ಬಾವಿಯ ರಾಟೆ ನಾನು ಕಣ್ಣು ಬಿಟ್ಟಾಗಿನಿಂದ ಕಿರುಗುಟ್ಟುತ್ತಿತ್ತು. ಅದಕ್ಕೆ ಎರಡು ಹನಿ ಎಣ್ಣೆ ಬಿಟ್ಟರೆ ನಿಲ್ಲುತ್ತದೆ ಎಂದು ನಮಗೆ ತಿಳಿದದ್ದು ಸೊಸೆಯಾಗಿ ಬಂದ ನೀಲಾ ಬಿಟ್ಟ ಮೇಲೆ. ಅವ್ವ ಎರಡು ದಿನ ನೀರು ಸೇದುವಾಗ ಹಿಂದೆ ತಿರುಗಿ ತಿರುಗಿ ನೋಡಿದಳು, ಏನೋ ಕಳಕೊಂಡವರ ಹಾಗೆ.

ಗಾಡಿ ತೆಗೆದುಕೊಂಡು, ನೀಲಾಳನ್ನು ಹಿಂದೆ ಕೂರಿಸಿಕೊಂಡು ಕಿತ್ತೂರಿನಿಂದ ಹೊರಟೆ. ಬೈಲಹೊಂಗಲದ ದಾರಿಯಲ್ಲಿ ಎರಡು ಮೈಲು ಹೋಗುವಷ್ಟರಲ್ಲಿ ಗಾಡಿ ಕೆಮ್ಮಿ ನಿಂತಿತು. ಒದ್ದೆ, ಒದ್ದೆ. ಜಪ್ಪಯ್ಯ ಅನ್ನಲಿಲ್ಲ. ಬೇವಿನ ಗಿಡದ ಕೆಳಗೆ ಕೂತು ಬೆವರು ಒರೆಸಿಕೊಂಡು ಮತ್ತೊಮ್ಮೆ ಒದ್ದರೆ ಶುರುವಾಯಿತು. ಮತ್ತೆ ಎರಡು ಮೈಲು, ಮತ್ತೆ ಕೆಮ್ಮು. ಮೂರನೇ ಸಲ ನಿಂತಾಗ ನಾನು ಆ ಗುಮಾಸ್ತರ ಮನೆತನವನ್ನೆಲ್ಲ ನೆನೆಯುತ್ತಿದ್ದೆ. ನೀಲಾ ಇಳಿದು, ಸೆರಗು ಸೊಂಟಕ್ಕೆ ಸಿಗಿಸಿ ಗಾಡಿಯ ಹತ್ತಿರ ಬಂದಳು.

"ಟಾಕಿ ಮುಚ್ಚಳ ತಗೀರಿ."

"ಪೆಟ್ರೋಲ್ ಐತಿ, ನೋಡೇನಿ."

"ಇರಲಿ, ತಗೀರಿ."

ತೆಗೆದೆ. ಸುಯ್ ಎಂದು ಗಾಳಿ ಒಳಗೆ ಹೋಯಿತು. ನೀಲಾ ನಕ್ಕಳು. ಮುಚ್ಚಳ ಕೈಗೆ ತೆಗೆದುಕೊಂಡು ಬಿಸಿಲಿಗೆ ಹಿಡಿದಳು. ಅದರ ನಡುವೆ ಸಾಸಿವೆಕಾಳಿಗಿಂತ ಸಣ್ಣ ತೂತು, ಅದರ ತುಂಬ ಜಿಡ್ಡು ಮಣ್ಣು. ಸೀರೆಯ ಪಿನ್ನು ಬಿಚ್ಚಿ ಆ ತೂತು ಚುಚ್ಚಿದಳು, ಊದಿದಳು, ಮುಚ್ಚಳ ಹಾಕಿದಳು.

"ಪೆಟ್ರೋಲ್ ಕೆಳಗ ಇಳದಂಗ ಮ್ಯಾಲ ಗಾಳಿ ಬರಬೇಕಲ್ರಿ. ಬರಲಿಲ್ಲಂದ್ರ ಎಲ್ಲಿಂದ ಇಳೀತೈತಿ? ನಮ್ಮ ಗಿರಣಿ ಟಾಕೀನೂ ಹಿಂಗ ಮಾಡ್ತಿತ್ತು."

ಅಲ್ಲಿಂದ ಸವದತ್ತಿಯವರೆಗೆ ಗಾಡಿ ಒಮ್ಮೆಯೂ ಕೆಮ್ಮಲಿಲ್ಲ. ನಾನೂ ಮಾತಾಡಲಿಲ್ಲ. ಹಿಂದೆ ಕೂತವಳು ಯಾರು ಎಂದು ಯೋಚಿಸುತ್ತಿದ್ದೆ.

ನೀಲಾಳ ತವರು ಮುರಗೋಡ. ಅವಳಪ್ಪನದು ಹಿಟ್ಟಿನ ಗಿರಣಿ. ಕರೆಂಟನ್ನು ನಂಬಿ ಗಿರಣಿ ನಡೆಸುವ ಹಾಗಿರಲಿಲ್ಲವಾದ್ದರಿಂದ ಡೀಸೆಲ್ ಇಂಜಿನ್ ಇಟ್ಟಿದ್ದರು. ಅವಳು ಹೈಸ್ಕೂಲಿಗೆ ಬರುವ ಹೊತ್ತಿಗೆ ಅಪ್ಪನ ಕಣ್ಣು ಮಂಜಾಗಿತ್ತು. ಸಣ್ಣ ನಟ್ಟು, ಸಣ್ಣ ತೂತು ಅವರಿಗೆ ಕಾಣುತ್ತಿರಲಿಲ್ಲ. ಅವರು ಬಾಯಲ್ಲಿ ಹೇಳುವುದು, ಇವಳು ಕೈಯಲ್ಲಿ ಮಾಡುವುದು ರೂಢಿಯಾಯಿತು. ಬರಬರುತ್ತಾ ಅವರು ಹೇಳುವ ಮೊದಲೇ ಇವಳು ಮಾಡಿ ಮುಗಿಸುತ್ತಿದ್ದಳು. ಸಾಲೆಯಲ್ಲಿ ಕೂತಾಗ ದೂರದಿಂದ ಕೇಳುವ ಇಂಜಿನ್ನಿನ ಸದ್ದಿನಲ್ಲೇ ಇವತ್ತು ಬೆಲ್ಟು ಜಾರುತ್ತಿದೆ ಎಂದು ಗೊತ್ತಾಗುತ್ತಿತ್ತಂತೆ. ಮ್ಯಾಟ್ರಿಕ್ ಆದ ಮೇಲೆ ಐಟಿಐಗೆ ಹೋಗುತ್ತೇನೆ ಎಂದು ಕೇಳಿದ್ದಳಂತೆ.

"ಅಪ್ಪಾ ಬೈಲಿಲ್ರಿ, ನಕ್ಕಬಿಟ್ಟ. ಬೈದಿದ್ರ ವಾದಾ ಮಾಡ್ತಿದ್ದೆ. ನಕ್ರ ಏನ್ ಮಾಡೋದು?" ಎಂದು ನನಗೆ ಒಮ್ಮೆ ಹೇಳಿದಳು. ಹೇಳುವಾಗ ಅವಳೂ ನಕ್ಕಳು. ನನಗೆ ಆ ನಗು ಅಷ್ಟು ಸರಿ ಕಾಣಲಿಲ್ಲ.

ಹೀಗೆ ನಮ್ಮ ಮನೆಯ ಭಾನುವಾರಗಳು ಬದಲಾದವು. ಹಿತ್ತಲಲ್ಲಿ ಒಂದು ಹಳೆಯ ಗೋಣಿತಟ್ಟು ಹಾಸಿ, ಅದರ ಮೇಲೆ ನೀಲಾ ಗಾಡಿ ಬಿಚ್ಚಲು ಕೂರುವಳು. ಪೆಟ್ರೋಲು ಗಾಡಿ ಅವಳಿಗೂ ಹೊಸದು. ಡೀಸೆಲ್ ಇಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ಗು ಇರುವುದಿಲ್ಲ, ಇದಕ್ಕಿದೆ. ಅದನ್ನು ಬಿಚ್ಚಿ ತಿರುಗಿಸಿ ತಿರುಗಿಸಿ ನೋಡಿ, ಯಾವ ಬಣ್ಣಕ್ಕೆ ಬಂದರೆ ಏನು ಅರ್ಥ ಎಂದು ತಾನೇ ಕಂಡುಕೊಂಡಳು. ಕರ್ರಗೆ ಜಿಗಟಾಗಿದ್ದರೆ ಆಯಿಲ್ ಹೆಚ್ಚು, ಬೂದಿ ಬಣ್ಣ ಬಂದಿದ್ದರೆ ಪೆಟ್ರೋಲು ಸಾಲುತ್ತಿಲ್ಲ, ಚಹದ ಬಣ್ಣ ಇದ್ದರೆ ಎಲ್ಲ ಸುರಳೀತ. ಪ್ಲಗ್ಗಿನ ತುದಿಯ ಸಂದು ಅಳೆಯಲು ಮುರಿದ ಗರಗಸದ ಬ್ಲೇಡಿನ ಒಂದು ತುಂಡು ಇಟ್ಟುಕೊಂಡಿದ್ದಳು. ಆಯಿಲ್ ಅಳೆಯಲು ಕೆಮ್ಮಿನ ಔಷಧಿಯ ಬಾಟಲಿ. ಚೈನು ತಿಕ್ಕಲು ಚಿಮಣಿ ಎಣ್ಣೆ ಮತ್ತು ನನ್ನ ಹಲ್ಲುಜ್ಜುವ ಬ್ರಶ್ಶು. ಅದು ಹಳೆಯದೆಂದು ತೀರ್ಮಾನಿಸಿದವಳು ಅವಳೇ. ನಾನು ಇನ್ನೂ ಬಳಸುತ್ತಿದ್ದೆ.

ಬಿಚ್ಚಿದ ಭಾಗಗಳನ್ನು ಅವಳು ಇಡುವ ರೀತಿ ನೋಡಬೇಕಿತ್ತು. ರೊಟ್ಟಿ ಹಿಟ್ಟು ನಾದುವ ದೊಡ್ಡ ಪರಾತದಲ್ಲಿ, ಮೊದಲು ಬಿಚ್ಚಿದ್ದು ಎಡಕ್ಕೆ, ಕೊನೆಗೆ ಬಿಚ್ಚಿದ್ದು ಬಲಕ್ಕೆ. ಜೋಡಿಸುವಾಗ ಬಲದಿಂದ ಎಡಕ್ಕೆ ಬರುವುದು. ಒಂದು ನಟ್ಟು ಹೆಚ್ಚಲ್ಲ, ಒಂದು ಕಡಿಮೆಯಲ್ಲ. ಅವಳು ತವರಿಗೆ ಹೋದಾಗ ಒಮ್ಮೆ ನಾನೂ ಪೌರುಷ ಮಾಡಿ ಕಾರ್ಬೋರೇಟರ್ ಬಿಚ್ಚಿದ್ದೆ. ಜೋಡಿಸಿದ ಮೇಲೆ ಕೈಯಲ್ಲಿ ಎರಡು ಸ್ಕ್ರೂ ಉಳಿದವು. ಅವನ್ನು ಕಂಪನಿಯವರು ಹೆಚ್ಚಿಗೆ ಕೊಟ್ಟಿದ್ದಾರೆ ಎಂದುಕೊಂಡು ಕಿಸೆಗೆ ಹಾಕಿಕೊಂಡೆ. ಅವಳು ಬರುವವರೆಗೂ ನಾಲ್ಕು ದಿನ ಬಸ್ಸಿಗೆ ಹೋದೆ.

ಗಾಡಿಯ ಮುಂದೆ ಕೂತ ನೀಲಾ ಬೇರೆಯೇ ಹೆಂಗಸು. ಮನೆಯಲ್ಲಿ ಹತ್ತು ಕೆಲಸದ ನಡುವೆ ಗಡಬಡಿಸುವವಳು ಅಲ್ಲಿ ಒಂದು ಸ್ಕ್ರೂವಿಗೆ ಕಾಲು ತಾಸು ಕೊಡುತ್ತಿದ್ದಳು. ಬರದಿದ್ದರೆ ಜಬರ್ದಸ್ತಿ ಮಾಡುತ್ತಿರಲಿಲ್ಲ. ಎರಡು ಹನಿ ಎಣ್ಣೆ ಬಿಟ್ಟು, ಒಳಗೆ ಹೋಗಿ ಪಲ್ಯಕ್ಕೆ ಒಗ್ಗರಣೆ ಕೊಟ್ಟು ಬಂದು ಮತ್ತೆ ಹಿಡಿಯುತ್ತಿದ್ದಳು. ಬಿಗಿದು ಕೂತಿದ್ದ ಸ್ಕ್ರೂ ಆಗ ಸಲೀಸಾಗಿ ತಿರುಗುತ್ತಿತ್ತು. ನನಗೆ ಅವಳ ಬಗ್ಗೆ ಆಗ ಎಷ್ಟು ಹೆಮ್ಮೆ ಅನಿಸುತ್ತಿತ್ತೆಂದರೆ, ಹೋಗಿ ಊರಿಗೆಲ್ಲ ಹೇಳಬೇಕು ಅನಿಸುತ್ತಿತ್ತು.

ಹೇಳಲಿಲ್ಲ. ಇಲ್ಲಿಯೇ ಆ ಹೂಂ ಬರುವುದು.

ಒಂದು ಸೋಮವಾರ ಸಾಲೆಯಲ್ಲಿ ಹಾಜರಿ ಹಾಕುತ್ತಿದ್ದೆ. ಹಿಂದಿನ ದಿನ ನೀಲಾ ಬಿಚ್ಚಿದ ಸೈಲೆನ್ಸರನ್ನು ಎತ್ತಿ ಹಿಡಿಯುವ ಕೆಲಸ ನನಗೆ ಸಿಕ್ಕಿತ್ತಾದ್ದರಿಂದ ಉಗುರಿನಲ್ಲಿ ಮಸಿ ಉಳಿದಿತ್ತು. ನಮ್ಮ ಹೆಡ್‌ಮಾಸ್ತರರಾದ ಮೇಟಿಯವರು ಅದನ್ನು ಕಂಡರು.

"ಏನ್ರಿ ಮಾಸ್ತರ, ಗಾಡಿ ನೀವ ಬಿಚ್ಚತೀರೇನು?"

"ಹೂಂ" ಅಂದೆ.

ಒಂದು ಅಕ್ಷರ. ಯೋಚನೆ ಮಾಡಿ ಅಂದದ್ದಲ್ಲ. 'ಇಲ್ಲ, ಮನೆಯವಳು ಬಿಚ್ಚುತ್ತಾಳೆ' ಎಂದು ಹೇಳಿದ್ದರೆ ನಾಲ್ಕು ಜನ ಮಾಸ್ತರರು ನಗುತ್ತಿದ್ದರು. ಆ ನಗು ಅವಳ ಮೇಲಲ್ಲ, ನನ್ನ ಮೇಲೆ ಬರುತ್ತಿತ್ತು ಎನ್ನುವುದೇ ನಿಜವಾದ ಕಾರಣ. ಮೇಟಿಯವರು ಮೆಚ್ಚಿ ತಲೆಯಾಡಿಸಿದರು. ಮರುದಿನದಿಂದ ಒಬ್ಬೊಬ್ಬರೇ ತಮ್ಮ ಗಾಡಿಯ ರೋಗ ಹೇಳಿಕೊಳ್ಳತೊಡಗಿದರು. ನಾನು ಗಂಭೀರವಾಗಿ ಕೇಳಿಸಿಕೊಂಡು "ನಾಳೆ ಹೇಳ್ತೇನಿ" ಅನ್ನುತ್ತಿದ್ದೆ. ಸಂಜೆ ಊಟಕ್ಕೆ ಕೂತಾಗ ನೀಲಾಳ ಮುಂದೆ "ಯಾರದೋ ಒಂದು ಗಾಡಿ ಏರಿನ್ಯಾಗ ದಮ್ ಕಟ್ತೈತಂತ" ಎಂದು ತೆಗೆಯುತ್ತಿದ್ದೆ. ಅವಳು ರೊಟ್ಟಿ ಬಡಿಯುತ್ತಲೇ ಹೇಳುತ್ತಿದ್ದಳು. ಮರುದಿನ ಅದೇ ಮಾತನ್ನು ನಾನು ಚಾಕ್‌ಪೀಸು ಹಿಡಿದುಕೊಂಡು ಹೇಳುತ್ತಿದ್ದೆ. ನನ್ನ ಹೆಸರು ಮೂರು ಹಳ್ಳಿಗೆ ಹಬ್ಬಿತು.

ಒಂದು ಸಂಜೆ ನೀಲಾ ಸಂತೆಯಿಂದ ಬಂದು ಚೀಲ ಇಳಿಸಿದಳು. "ನಿಮ್ಮ ಸಾಲಿ ಮಾಸ್ತರೊಬ್ರು ಸಿಕ್ಕಿದ್ರು. ನಿಮ್ಮ ಮನಿಯವ್ರ ಕೈಯಾಗ ಜಾದೂ ಐತಿ ಬಿಡವಾ ಅಂದ್ರು."

ನಾನು ಪೇಪರಿನಿಂದ ತಲೆ ಎತ್ತಿದೆ. "ನೀ ಏನಂದಿ?"

"ಹೌದ್ರಿ ಅಂದೆ."

ಅಷ್ಟೇ. ಒಳಗೆ ಹೋಗಿ ಬದನೆಕಾಯಿ ತೊಳೆಯತೊಡಗಿದಳು. ಅವತ್ತೇ ಅವಳ ಮುಂದೆ ಕೂತು ತಪ್ಪಾಯಿತು ಅನ್ನಬಹುದಿತ್ತು. ಬದನೆಕಾಯಿ ಪಲ್ಯ ಚಲೋ ಆಗಿದೆ ಅಂದೆ. ಹೇಡಿಗಳು ಊಟವನ್ನು ಬಹಳ ಹೊಗಳುತ್ತಾರೆ.

ಹೀಗೆ ಎರಡು ವರ್ಷ ನಡೆಯಿತು. ಒಂದು ಭಾನುವಾರ ಬೆಳಿಗ್ಗೆ ನೀಲಾ ಗಾಡಿಯ ಇಂಜಿನ್ನನ್ನೇ ಬಿಚ್ಚಿದ್ದಳು. ಒಳಗೆ ಮಸಿ ಕಟ್ಟಿ ಎಳೆತ ಕಡಿಮೆಯಾಗಿತ್ತು. ತಟ್ಟಿನ ಮೇಲೆ ಪರಾತದ ತುಂಬ ಇಂಜಿನ್ನಿನ ತುಂಡುಗಳು. ಅವಳು ಕೈ ತೊಳೆದುಕೊಂಡು ರೊಟ್ಟಿಗೆಂದು ಒಳಗೆ ಹೋಗಿದ್ದಳು. ಎಂಟೂವರೆ ಇರಬಹುದು. ಓಣಿಯ ತಿರುವಿನಲ್ಲಿ ಒಂದು ಗಾಡಿ ಸದ್ದು ಮಾಡುತ್ತ ಬಂದು ಫಕ್ಕನೆ ನಿಂತಿತು. ನೋಡಿದರೆ ಮೇಟಿಯವರು ತಮ್ಮ ಗಾಡಿ ತಳ್ಳಿಕೊಂಡು ನಮ್ಮ ಮನೆಯತ್ತಲೇ ಬರುತ್ತಿದ್ದಾರೆ. ಹಿಂದೆ ಅವರ ಮಗಳು ವಿಜಯಾ, ಎದೆಗೆ ಫೈಲು ಅವಚಿಕೊಂಡು, ಗಂಜಿ ಹಾಕಿದ ಸೀರೆಯಲ್ಲಿ.

"ಮಾಸ್ತರ, ನೀವು ಅದೀರಿ ಅಂತ ಧೈರ್ಯಾ" ಎಂದರು ಮೇಟಿಯವರು ಬೆವರು ಒರೆಸಿಕೊಳ್ಳುತ್ತ. "ರಾಮದುರ್ಗದಾಗ ಈಕೀದು ಇಂಟರ್‌ವ್ಯೂ. ಖಾಸಗಿ ಹೈಸ್ಕೂಲ್ ಟೀಚರ್ ಕೆಲಸಕ್ಕ, ರಜಾ ದಿನಾನ ಕರದಾರ. ಹನ್ನೊಂದಕ್ಕ ಅಲ್ಲಿರಬೇಕು. ಗಾಡಿ ಎರಡ ಸಲ ನಿಂತತಿ."

ಮುಂದಿನ ಬಸ್ಸು ರಾಮದುರ್ಗ ಮುಟ್ಟುವಾಗ ಹನ್ನೆರಡಾಗುತ್ತಿತ್ತು. ಗ್ಯಾರೇಜುಗಳು ತೆರೆಯುವುದು ಹತ್ತಕ್ಕೆ. ನನ್ನ ಗಾಡಿ ಕೊಡೋಣವೆಂದರೆ ಅದು ಪರಾತದಲ್ಲಿತ್ತು. ಮೇಟಿಯವರು ಹಿತ್ತಲಿಗೆ ಬಂದವರು ಅದನ್ನು ನೋಡಿ ಸಮಾಧಾನದ ಉಸಿರು ಬಿಟ್ಟರು. "ಇಷ್ಟೆಲ್ಲಾ ಬಿಚ್ಚೂವವ್ರಿಗೆ ನಂದೇನ್ ದೊಡ್ಡದು?"

ವಿಜಯಾಳಿಗೆ ಅದು ಮೂರನೇ ಇಂಟರ್‌ವ್ಯೂ ಎಂದು ನನಗೆ ಗೊತ್ತಿತ್ತು. ಈ ಸಲ ಆಗದಿದ್ದರೆ ಬಂದ ಸಂಬಂಧಕ್ಕೆ ಒಪ್ಪಿಕೊಳ್ಳಬೇಕೆಂದು ಮನೆಯಲ್ಲಿ ಮಾತಾಗಿದೆ ಎಂದು ಮೇಟಿಯವರೇ ಹೇಳಿದ್ದರು. ಅವಳು ಕಟ್ಟೆಯ ಮೇಲೆ ಕೂರಲೂ ಇಲ್ಲ. ಸೀರೆ ಮುದುಡೀತೆಂದು ನಿಂತೇ ಇದ್ದಳು.

ನಾನು ಗಾಡಿಯನ್ನು ಸೈಡ್ ಸ್ಟ್ಯಾಂಡಿಗೆ ಹಾಕಿ ಪ್ಲಗ್ಗು ಬಿಚ್ಚಿದೆ. ಗಂಭೀರವಾಗಿ ನೋಡಿದೆ. ಚಹದ ಬಣ್ಣ, ಎಲ್ಲ ಸುರಳೀತ. ಒರೆಸಿ ಹಾಕಿ ಒದ್ದೆ. ಇಲ್ಲ. ಟಾಕಿಯ ಮುಚ್ಚಳ ತೆಗೆದೆ, ಹಾಕಿದೆ. ಇಲ್ಲ. ನನಗೆ ಗೊತ್ತಿದ್ದ ವಿದ್ಯೆ ಮುಗಿಯಿತು. ಆಮೇಲೆ ಬರೀ ಒದ್ದೆ. ಅಂಗಿ ಬೆನ್ನಿಗೆ ಅಂಟಿಕೊಂಡಿತು. ವಿಜಯಾ ಕೈಗಡಿಯಾರ ನೋಡಿಕೊಂಡಳು. ಗಂಟೆ ಒಂಬತ್ತು ದಾಟಿತ್ತು.

ನೀಲಾ ಚಹಾ ತಂದಳು. ಅವರಿಬ್ಬರಿಗೆ ಕೊಟ್ಟು, ನನಗೆ ಕಪ್ಪು ಕೊಡಲು ಬಗ್ಗಿದಾಗ ಯಾರಿಗೂ ಕೇಳದ ಹಾಗೆ ಹೇಳಿದಳು: "ಹ್ಯಾಂಡಲ್ ನೆಟ್ಟಗ ಮಾಡಿ ಒದೀರಿ."

ಏಕೆಂದು ತಿಳಿಯಲಿಲ್ಲ. ಕಪ್ಪು ಕೆಳಗಿಟ್ಟು, ಎಡಕ್ಕೆ ತಿರುಗಿದ್ದ ಹ್ಯಾಂಡಲ್ಲು ನೆಟ್ಟಗೆ ಹಿಡಿದು ಒದ್ದೆ. ಒಂದೇ ಏಟಿಗೆ ಗಾಡಿ ಶುರುವಾಯಿತು.

"ನಾ ಹೇಳ್ಲಿಲ್ಲೇನು?" ಎಂದು ಮೇಟಿಯವರು ಮಗಳತ್ತ ತಿರುಗಿದರು. ವಿಜಯಾಳ ಮುಖ ಅರಳಿತು. ಅವರು ಗಾಡಿ ಏರಿದರು, ಅವಳು ಹಿಂದೆ ಕೂತಳು. ನಾನು ಮೀಸೆಯ ಬೆವರು ಒರೆಸಿಕೊಂಡೆ. ಆಗ ಮೇಟಿಯವರು ಸಹಜವಾಗಿ ಕೇಳಿದರು: "ಏನ್ ಆಗಿತ್ರಿ ಮಾಸ್ತರ ಇದಕ್ಕ?"

ನಾನು ನೀಲಾಳ ಮುಖ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಗಾಡಿಯ ಹ್ಯಾಂಡಲ್ಲಿನ ಬುಡವನ್ನೇ ನೋಡುತ್ತಿದ್ದಳು. ಮುಖದಲ್ಲಿ ಚಿಂತೆಯಿತ್ತು. ಗಾಡಿ ಶುರುವಾಗಿದೆ, ದುರಸ್ತಿಯಾಗಿಲ್ಲ ಎಂದು ಆ ಮುಖ ನೋಡಿಯೇ ನನಗೆ ತಿಳಿಯಿತು. ನಲವತ್ತು ಕಿಲೋಮೀಟರು ದಾರಿ, ಎದುರಿಗೆ ಲಾರಿಗಳು, ಹಿಂದೆ ಹೆಣ್ಣುಮಗಳು. ಎಲ್ಲಿಯೋ ಒಂದು ಕಡೆ ಅದು ಮತ್ತೆ ಫಕ್ಕನೆ ನಿಲ್ಲುತ್ತದೆ.

"ಸರ್, ಬಂದ್ ಮಾಡ್ರಿ" ಎಂದೆ. "ಏನಾಗಿತ್ತು ಅಂತ ನನಗ ಗೊತ್ತಿಲ್ಲ. ಈಕಿಗೆ ಗೊತ್ತೈತಿ. ನಮ್ಮ ಗಾಡೀನೂ ಈಕೀನ ಬಿಚ್ಚತಾಳ, ಈಕೀನ ಜೋಡಸ್ತಾಳ. ನಾ ಎರಡ ವರ್ಷಾತು, ನಿಮಗ ಸುಳ್ಳ ಹೇಳ್ಕೋತ ಬಂದೇನಿ. ಸಾಲ್ಯಾಗ ನಾ ಹೇಳಿದ್ದೆಲ್ಲಾ ಈಕೀ ಮಾತು."

ಮೇಟಿಯವರು ಗಾಡಿ ಬಂದ್ ಮಾಡಿದರು. ಎದುರುಮನೆಯ ಆಕಳು ಒಮ್ಮೆ ಕೂಗಿತು. ಆಮೇಲೆ ಅವರು ಇಳಿದು ನೀಲಾಳ ಕಡೆ ತಿರುಗಿದರು. ಸಾಲೆಯಲ್ಲಿ ನನಗೆ ಎಂದೂ ಸಿಗದ ಮರ್ಯಾದೆ ಆ ದನಿಯಲ್ಲಿತ್ತು.

"ಹೇಳ ತಂಗಿ, ಏನ್ ಮಾಡಬೇಕು?"

"ಎರಡ ಸಲ ನಿಂತತಿ ಅಂದ್ರೆಲ್ರಿ, ಎಲ್ಲೆಲ್ಲಿ?"

"ಮೊದಲನೇ ಸಲ ಕಾಲುವಿ ತಿರುವಿನ್ಯಾಗ. ಆಮ್ಯಾಲ ಇಲ್ಲೇ, ನಿಮ್ಮ ಓಣಿಗೆ ತಿರಗೂ ಮುಂದ."

"ಎರಡೂ ಎಡಕ್ಕ ಹೌದಲ್ರಿ?"

ಮೇಟಿಯವರು ಗಾಳಿಯಲ್ಲಿ ಕೈ ತಿರುಗಿಸಿ ನೋಡಿಕೊಂಡರು. "ಹೌದವಾ, ಎರಡೂ ಎಡಕ್ಕ."

"ಅಡಿಗಿಮನ್ಯಾಗಿಂದ ಕೇಳಿದೆ. ಇಂಜಿನ್ ಸೋತು ನಿಂತ ಸಪ್ಪಳಲ್ಲ ಅದು. ಯಾರೋ ಸ್ವಿಚ್ ಬಂದ್ ಮಾಡಿದಂಗಾತು."

ಅವಳು ಸೆರಗು ಸಿಗಿಸಿ ಕೂತಳು. ಟಾಕಿಯ ಬೋಲ್ಟು ಬಿಚ್ಚಿ ಒಂದು ಕಡೆಯಿಂದ ಎತ್ತಿದಳು. ಹ್ಯಾಂಡಲ್ಲಿನ ಬುಡದಲ್ಲಿ, ಗಾಡಿ ಬಂದ್ ಮಾಡುವ ಸ್ವಿಚ್ಚಿಗೆ ಹೋಗುವ ವಾಯರು ಕಬ್ಬಿಣಕ್ಕೆ ತಿಕ್ಕಿ ತಿಕ್ಕಿ ಮೇಲಿನ ರಬ್ಬರು ಸವೆದು ಹೋಗಿತ್ತು. ಎಡಕ್ಕೆ ತಿರುಗಿಸಿದಾಗಲೆಲ್ಲ ಬೆತ್ತಲೆ ತಂತಿ ಕಬ್ಬಿಣಕ್ಕೆ ತಾಗಿ ಗಾಡಿ ಬಂದಾಗುತ್ತಿತ್ತು. ಸೈಡ್ ಸ್ಟ್ಯಾಂಡಿಗೆ ಹಾಕಿದರೆ ಹ್ಯಾಂಡಲ್ಲು ತಾನೇ ಎಡಕ್ಕೆ ವಾಲುತ್ತದೆ. ನಾನು ಅರ್ಧ ತಾಸು ಒದ್ದದ್ದು ಬಂದ್ ಮಾಡಿಟ್ಟ ಗಾಡಿಯನ್ನು.

"ವಿಜಯಾ, ಟಾಕಿ ಹಿಂಗ ಎತ್ತಿ ಹಿಡಿ" ಎಂದಳು ನೀಲಾ. ವಿಜಯಾ ಫೈಲನ್ನು ನನ್ನ ಕೈಗೆ ಕೊಟ್ಟು, ಗಂಜಿಯ ಸೀರೆ ಮರೆತು, ಮಂಡಿಯೂರಿ ಹಿಡಿದಳು. ನೀಲಾ ವಾಯರಿಗೆ ಟೇಪು ಸುತ್ತಿದಳು, ಅದರ ಮೇಲೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದಳು, ಕಬ್ಬಿಣಕ್ಕೆ ತಾಗದ ಹಾಗೆ ಪಕ್ಕಕ್ಕೆ ಸರಿಸಿ ಕಟ್ಟಿದಳು. ಗಾಡಿ ಶುರು ಮಾಡಿಸಿ ಹ್ಯಾಂಡಲ್ಲನ್ನು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ತಿರುಗಿಸಿದಳು. ಸದ್ದು ಹದ ತಪ್ಪಲಿಲ್ಲ.

"ಈಗ ಹೋಗ್ರಿ. ತಿರುವಿನ್ಯಾಗ ಹಗೂರ ಹೋಗ್ರಿ."

ಅವರು ಹೊರಟಾಗ ಒಂಬತ್ತೂವರೆ. ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ರಾಮದುರ್ಗ ಮುಟ್ಟಿದರಂತೆ. ವಿಜಯಾಳಿಗೆ ಕೆಲಸ ಸಿಕ್ಕಿತು. ಮುಂದೆ ಅವಳೂ ಒಂದು ಸಣ್ಣ ಗಾಡಿ ಕೊಂಡಳು. ಅದರ ಜೊತೆ ಎರಡು ಭಾನುವಾರ ಬಂದು ತಟ್ಟಿನ ಮೇಲೆ ನೀಲಾಳ ಪಕ್ಕದಲ್ಲಿ ಕೂತು ಎಲ್ಲ ಕಲಿತು ಹೋದಳು. ಮೇಟಿಯವರು ನನ್ನ ಸುಳ್ಳಿನ ಬಗ್ಗೆ ಯಾರ ಮುಂದೆಯೂ ಆಡಲಿಲ್ಲ. ಆದರೆ ಮಾಸ್ತರರು ಯಾರಾದರೂ ಗಾಡಿಯ ಮಾತು ತೆಗೆದರೆ "ಇವರನ್ನೇನ್ ಕೇಳ್ತೀರಿ, ಮನಿಗೆ ಹೋಗಿ ಅಕ್ಕಾರನ್ನ ಕೇಳ್ರಿ" ಎನ್ನುತ್ತಿದ್ದರು. ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಮುನವಳ್ಳಿಯಿಂದಲೂ ಜನ ಬಂದು ನಮ್ಮ ಬಾಗಿಲಲ್ಲಿ ನಿಂತು "ಅಕ್ಕಾರು ಅದಾರೇನ್ರಿ?" ಎಂದು ನನ್ನನ್ನು ಕೇಳುತ್ತಿದ್ದರು.

ಅದೆಲ್ಲ ಆಮೇಲಿನದು. ಆ ಭಾನುವಾರ ಅವರನ್ನು ಕಳಿಸಿ ಹಿತ್ತಲಿಗೆ ಬಂದಾಗ ನೀಲಾ ನಮ್ಮ ಗಾಡಿಯ ಇಂಜಿನ್ ಜೋಡಿಸಲು ಕೂತಿದ್ದಳು. ನಾನೂ ತಟ್ಟಿನ ಅಂಚಿಗೆ ಕೂತೆ. ಕೇಳಿದೆ.

"ಸಂತಿ ದಿನಾನ ಗೊತ್ತಾತಲ್ಲ ನಿನಗ. ಯಾಕ ಸುಮ್ಮನಿದ್ದಿ?"

ಅವಳು ಪಿಸ್ಟನ್ನಿನ ರಿಂಗನ್ನು ಬೆಳಕಿಗೆ ಹಿಡಿದು ನೋಡಿದಳು. "ಅಪ್ಪಾ ನಕ್ಕಂಗ ನೀವೂ ನಗಲಿಲ್ಲಲ್ರಿ. ನನ್ನ ಮಾತು ಮಂದಿಗೆ ಹೇಳಾಕತ್ತಿದ್ರಿ. ಹೆಸರು ಒಂದು ಬಿಟ್ಟು."

"ನಾ ಹೇಳದ ಇದ್ದಿದ್ರ?"

"ಹೇಳಿದ್ರೆಲ್ಲ."

ರಿಂಗನ್ನು ಅದರ ಕಚ್ಚಿನಲ್ಲಿ ಕೂರಿಸುವಾಗ ಉಸಿರು ಬಿಗಿಹಿಡಿದಿದ್ದಳು. ಕೂತಿತು. ಉಸಿರು ಬಿಟ್ಟು, ತಲೆ ಎತ್ತದೆ, ಕೈ ಮುಂದೆ ಮಾಡಿದಳು.

"ಆ ಪಾನಾ ಕೊಡ್ರಿ. ಅದಲ್ಲ, ಸಣ್ಣದು."

ಕೊಟ್ಟೆ. ಸರಿಯಾದದ್ದನ್ನೇ ಕೊಟ್ಟಿದ್ದೆನೆಂದು ಕಾಣುತ್ತದೆ, ಅವಳು ಏನೂ ಅನ್ನದೆ ನಟ್ಟು ಬಿಗಿಯತೊಡಗಿದಳು.